ಎಡದಿಂದ ಏಳನೆಯವರು

ಹೋದ ತಿಂಗಳು ಮಿಸ್ ಬಸವೇಶ್ವರನಗರದ ಮನೆ ಖಾಲಿ ಮಾಡಿ ಮೈಸೂರಿಗೆ ಹೊರಟುಹೋದರು. ಅಲ್ಲಿ ಅವರ ತಂಗಿಯ ಮನೆ ಇದೆ, ಮೆಟ್ಟಿಲು ಹತ್ತುವ ಗೋಜಿಲ್ಲ. ಸಾಮಾನು ಟೆಂಪೋಗೆ ಏರಿಸುವ ದಿನ ನಾನೂ ನನ್ನ ಹೆಂಡತಿ ಮಂಜುಳಾನೂ ಹೋಗಿದ್ದೆವು. ಮೂವತ್ತು ನಲವತ್ತು ವರ್ಷ ಹೊರದೇಶದಲ್ಲಿದ್ದು ಬಂದವರ ಮನೆಯಲ್ಲಿ ಏನೇನಿರುತ್ತದೋ ಅಂದುಕೊಂಡಿದ್ದರೆ, ಎರಡು ಟ್ರಂಕು, ಒಂದು ಮಂಚ, ಅವರಮ್ಮನ ಕಾಲದ ಗ್ರೈಂಡರು, ಇಷ್ಟೇ. ಟೆಂಪೋ ಅರ್ಧಕ್ಕರ್ಧ ಖಾಲಿ ಹೋಯಿತು.

ಒಂಬತ್ತು ವರ್ಷ ನಾನು ಅವರ ಕ್ಲಾಸಿಗೆ ಕೀಬೋರ್ಡ್ ನುಡಿಸಿದೆ. ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವನಲ್ಲ. ಮಕ್ಕಳು ಮಿಸ್ ಅನ್ನುತ್ತಿದ್ದರು, ನಾನೂ ಮಿಸ್ ಅಂದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ನಾನು ಆರ್ಕೆಸ್ಟ್ರಾದವನು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು, ಇವೇ ನನ್ನ ಜೀವನ. ಕೆಂಗೇರಿಯಿಂದ ಪೀಣ್ಯದವರೆಗೆ ನಾನು ಕೀಬೋರ್ಡ್ ಇಡದ ಪೆಂಡಾಲ್ ಇಲ್ಲ. ಒಂದು ಸಂಜೆ ವಿಜಯನಗರದ ಡ್ಯಾನ್ಸ್ ಸ್ಕೂಲಿನ ಕಿರಣ್ ಮಾಸ್ಟರ್ ಫೋನ್ ಮಾಡಿದ. ನನಗಿಂತ ಹತ್ತು ವರ್ಷ ಚಿಕ್ಕವನು. ಪಾತ್ರೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಮಕ್ಕಳಿಗೆ ಸಿನಿಮಾ ಡ್ಯಾನ್ಸ್ ಹೇಳಿಕೊಡುತ್ತಿದ್ದ.

"ಅಣ್ಣಾ, ಬ್ಯಾಲೆ ಕ್ಲಾಸ್ ಶುರು ಮಾಡ್ತಾ ಇದೀನಿ. ಕೀಬೋರ್ಡ್ ಬೇಕಂತೆ. ಬರ್ತೀಯಾ?"

ನಮ್ಮ ಕಡೆ ಬ್ಯಾಲೆ ಅಂದರೆ ಸ್ಕೂಲ್ ಡೇನಲ್ಲಿ ಮಾಡುವ ನೃತ್ಯರೂಪಕ. ಕೃಷ್ಣ, ಗೋಪಿಯರು, ರಟ್ಟಿನ ಕಿರೀಟ. ನಾನು ಕೊಳಲಿನ ಟೋನು, ತಂಬೂರಿ ಶ್ರುತಿ ಎಲ್ಲ ಸೆಟ್ ಮಾಡಿಕೊಂಡು ಹೋದೆ. ಹೋಗಿ ನೋಡಿದರೆ ಗೋಡೆಗುಂಟ ಸೊಂಟದ ಎತ್ತರಕ್ಕೆ ಒಂದು ಕಬ್ಬಿಣದ ಪೈಪು ಹಾಕಿಸಿದ್ದರು. ಅದನ್ನು ಹಿಡಿದುಕೊಂಡು ಹನ್ನೊಂದು ಹುಡುಗಿಯರು ನಿಂತಿದ್ದರು. ಮಧ್ಯದಲ್ಲಿ ಐವತ್ತರ ಆಸುಪಾಸಿನ ಒಬ್ಬ ಸಣಕಲು ಹೆಂಗಸು. ನರೆತ ಕೂದಲನ್ನು ಎತ್ತಿ ಗಂಟು ಹಾಕಿದ್ದರು. ನಿಂತ ರೀತಿಯೇ ಬೇರೆ. ತಲೆಯ ಮೇಲಿಂದ ಯಾರೋ ದಾರ ಕಟ್ಟಿ ಮೆಲ್ಲಗೆ ಎಳೆದು ಹಿಡಿದಂತೆ.

"ನೀವಾ ಕೀಬೋರ್ಡಿನವರು? ಬನ್ನಿ. ಮೂರರ ಲೆಕ್ಕದಲ್ಲಿ ಏನಾದ್ರೂ ನುಡಿಸಿ. ಮಕ್ಕಳು ಮಂಡಿ ಮಡಿಚಿ ಏಳ್ತಾರೆ, ಅಷ್ಟೇ."

ನಾನು ಸುಮ್ಮನೆ ನುಡಿಸುವವನೇ? ಹೊಸ ಜಾಗ, ಹೊಸ ಜನ. ಬಲಗೈಯಲ್ಲಿ ನನ್ನ ಇಪ್ಪತ್ತೆರಡು ವರ್ಷದ ವಿದ್ಯೆಯನ್ನೆಲ್ಲ ಸುರಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಈ ಗಿಲಿಗಿಲಿ ಎಲ್ಲ ಯಾರಿಗೆ? ಮಕ್ಕಳಿಗಾ, ನಿಮಗಾ?"

"ಚೆನ್ನಾಗಿರ್ಲಿ ಅಂತ, ಮಿಸ್..."

"ಚೆನ್ನಾಗೇ ಇದೆ. ಆದ್ರೆ ಅದರಲ್ಲಿ ಅವರು ಕಾಲು ಎಲ್ಲಿಡ್ಬೇಕು?"

ಅವರು ಹತ್ತಿರ ಬಂದು, ಮಕ್ಕಳಿಗೆ ಕೇಳಿಸದ ಹಾಗೆ, "ಕೀ ನೋಡ್ಬೇಡಿ. ಅದು ಎಲ್ಲಿದೆ ಅಂತ ನಿಮಗೆ ಗೊತ್ತಿದೆ. ಅವರ ಮಂಡಿ ನೋಡಿ" ಅಂದರು. ಆ ದಿನ ಮೊದಲ ಬಾರಿಗೆ ಬೆರಳು ನೋಡುವುದು ಬಿಟ್ಟು ತಲೆ ಎತ್ತಿ ನುಡಿಸಿದೆ. ಮಂಡಿ ಮಡಿಚುವಾಗ ಸ್ವರ ಇಳಿಸಿದೆ, ಎದ್ದಾಗ ಏರಿಸಿದೆ. ನಾಲ್ಕನೇ ಸಲಕ್ಕೆ ನಾನು ಅವರನ್ನು ಎಬ್ಬಿಸುತ್ತಿದ್ದೇನೋ, ಅವರು ನನ್ನನ್ನು ಎಬ್ಬಿಸುತ್ತಿದ್ದಾರೋ ತಿಳಿಯದಂತಾಯಿತು.

ಕ್ಲಾಸು ಮುಗಿದ ಮೇಲೆ ಹುಡುಗಿಯರು ಸಾಲಾಗಿ ನಿಂತು ಮಿಸ್‌ಗೆ ಮಂಡಿ ಬಗ್ಗಿಸಿ ವಂದಿಸಿದರು. ಆಮೇಲೆ ಮಿಸ್ "ಈ ಕಡೆ" ಅಂದರು. ಹನ್ನೊಂದು ಮಕ್ಕಳೂ ನನ್ನ ಕಡೆ ತಿರುಗಿ ಹಾಗೆಯೇ ವಂದಿಸಿದರು. ಆರ್ಕೆಸ್ಟ್ರಾದಲ್ಲಿ ಹಾಡಿದವರಿಗೆ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ. ಕೀಬೋರ್ಡಿನವನು ವೈರು ಸುತ್ತುತ್ತಿರುತ್ತಾನೆ. ಆ ದಿನ ನನಗೆ ಎದ್ದು ನಿಲ್ಲಬೇಕೋ ಕೂತಿರಬೇಕೋ ಗೊತ್ತಾಗದೆ ಅರ್ಧ ಎದ್ದು ಕೈ ಮುಗಿದೆ. ಮಕ್ಕಳು ಕಿಸಕ್ಕನೆ ನಕ್ಕವು.

ಮಿಸ್ ಹುಟ್ಟಿದ್ದು ರಾಜಾಜಿನಗರದಲ್ಲಿ. ಅವರ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದರಂತೆ. ಕೆಲಸದ ಮೇಲೆ ಅವರನ್ನು ಐದು ವರ್ಷಕ್ಕೆ ರಷ್ಯಾಕ್ಕೆ ಕಳಿಸಿದಾಗ ಇಡೀ ಸಂಸಾರ ಹೋಯಿತು. ಅಲ್ಲಿನ ಒಂದು ಬ್ಯಾಲೆ ಶಾಲೆಯವರು ಒಂಬತ್ತು ವರ್ಷದ ಈ ಹುಡುಗಿಯ ಪಾದ, ಬೆನ್ನು, ಕತ್ತು ಎಲ್ಲ ಅಳತೆ ತೆಗೆದುಕೊಂಡು ಸೇರಿಸಿಕೊಂಡರು. ಸಂಸಾರ ವಾಪಸು ಬಂದರೂ ಇವರು ಅಲ್ಲಿಯ ಹಾಸ್ಟೆಲಿನಲ್ಲೇ ಉಳಿದರು. ಮುಂದೆ ಅಲ್ಲಿಯೇ ಒಂದು ಥಿಯೇಟರಿನಲ್ಲಿ ನೃತ್ಯ, ಆ ದೇಶ ಒಡೆದ ಮೇಲೆ ಜರ್ಮನಿಯ ಸಣ್ಣ ಊರೊಂದರಲ್ಲಿ ನೃತ್ಯ. ಕುಣಿಯುವುದು ನಿಂತ ಮೇಲೆ ಅಲ್ಲಿಯೇ ಪಾಠ ಹೇಳುತ್ತಿದ್ದರು. ಅಮ್ಮ ಹಾಸಿಗೆ ಹಿಡಿದರು ಅಂತ ಬೆಂಗಳೂರಿಗೆ ಬಂದವರು, ಅಮ್ಮ ಹೋದ ಮೇಲೂ ಇಲ್ಲೇ ಉಳಿದರು.

ಹೀಗಾಗಿ ಅವರ ಕನ್ನಡ ಒಂಬತ್ತು ವರ್ಷಕ್ಕೇ ನಿಂತುಹೋಗಿತ್ತು. ಐವತ್ತು ದಾಟಿದ ಹೆಂಗಸಿನ ಬಾಯಲ್ಲಿ ರಾಜಾಜಿನಗರದ ಬೀದಿಯಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿಯ ಮಾತು. ಹುಡುಗಿಯರು ತಪ್ಪು ಮಾಡಿದರೆ "ಪೆದ್ದಿ" ಅನ್ನುವರು, ಅದಕ್ಕಿಂತ ದೊಡ್ಡ ಬೈಗುಳ ಅವರಿಗೆ ಗೊತ್ತಿರಲಿಲ್ಲ. ಸೋಲೊಪ್ಪಿದರೆ ಹುಡುಗರ ಹಾಗೆ "ಜೂಟ್" ಅನ್ನುವರು. ಲೆಕ್ಕ ಮಾತ್ರ ಒಂದು ಎರಡು ಮೂರು ಅಂತ ಅಚ್ಚ ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಮ್ಮಿನ ನಮ್ಮ ಮಕ್ಕಳು ಎಂಟರವರೆಗೆ ಕನ್ನಡದಲ್ಲಿ ಎಣಿಸಲು ಕಲಿತದ್ದು ಆ ಬ್ಯಾಲೆ ಕ್ಲಾಸಿನಲ್ಲಿ.

ಶುರುವಿನ ಮೂರು ತಿಂಗಳು ಮಕ್ಕಳಿಗೆ ಒಂದು ಸಲವೂ ನೆಗೆಯಲು ಬಿಡಲಿಲ್ಲ. ಅಪ್ಪ ಅಮ್ಮಂದಿರು ಕಿರಣನನ್ನು ಹಿಡಿದುಕೊಂಡರು. ಅವನು ಬಂದು, "ಮಿಸ್, ಒಂಚೂರು ಜಂಪ್ ಮಾಡ್ಸಿ. ಬರೀ ಪೈಪ್ ಹಿಡ್ಕೊಂಡು ನಿಂತಿದಾರೆ ಅಂತಾರೆ" ಅಂದ.

ಮಿಸ್ ಕಾಲಲ್ಲಿ ನೆಲ ಕುಟ್ಟಿ ತೋರಿಸಿದರು. "ಇದೇನು?"

"ಗ್ರಾನೈಟು. ಒಳ್ಳೇ ಕ್ವಾಲಿಟಿ, ಮಿಸ್."

"ಕಲ್ಲು. ಕಲ್ಲಿನ ಮೇಲೆ ನೆಗೆದ್ರೆ ಈ ಮಕ್ಕಳ ಮಂಡಿ ಇಪ್ಪತ್ತೈದಕ್ಕೇ ಮುಗಿಯುತ್ತೆ. ಮರದ ನೆಲ ಹಾಕ್ಸಿ, ನೆಗೆಸ್ತೀನಿ."

ಕಿರಣ ಗೊಣಗಿದ, ತಲೆ ಕೆರೆದುಕೊಂಡ, ಕೊನೆಗೆ ಮಾಗಡಿ ರೋಡಿನ ಮರದ ಡಿಪೋದಿಂದ ಹಲಗೆ ತರಿಸಿದ. ಅದರಡಿಗೆ ಹಳೇ ಟೈರಿನ ತುಂಡು ಇಡಿಸಿದ್ದು ಮಿಸ್ ಉಪಾಯ. ನೆಲ ಸಿದ್ಧವಾದ ದಿನ ಮೊದಲು ತಾವೇ ಹತ್ತಿ, ಕಣ್ಣು ಮುಚ್ಚಿ, ಒಂದೇ ಒಂದು ಸಲ ನೆಗೆದರು. ಸದ್ದೇ ಆಗಲಿಲ್ಲ. ಬೆಕ್ಕು ಇಳಿದಂತೆ ಇಳಿದರು. ಕಿರಣ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅಲ್ಲಿಂದ ಮುಂದೆ ಅವನು ಅವರ ಎದುರಿಗೆ ಚೂಯಿಂಗ್ ಗಮ್ ಅಗಿಯುವುದನ್ನು ಬಿಟ್ಟ.

ಪೂರ್ವಿ ಅಂತ ಒಬ್ಬ ಹುಡುಗಿ ಇದ್ದಳು. ಗೋವಿಂದರಾಜನಗರದವಳು, ನಮ್ಮ ಪಕ್ಕದ ಬೀದಿ. ಅವಳು ಒಂದು ದಿನ ಕೇಳಿಯೇಬಿಟ್ಟಳು. "ಮಿಸ್, ನೀವು ಅಲ್ಲಿ ಹೀರೋಯಿನ್ ಆಗಿದ್ರಾ?"

ಮಾರನೇ ದಿನ ಮಿಸ್ ಒಂದು ಫೋಟೋ ತಂದರು. ದೊಡ್ಡ ವೇದಿಕೆಯ ಮೇಲೆ ಬಿಳಿ ಬಟ್ಟೆ ತೊಟ್ಟ ಇಪ್ಪತ್ತನಾಲ್ಕು ಹೆಂಗಸರು ಒಂದೇ ಸಾಲಿನಲ್ಲಿ. ಎಲ್ಲರ ಕತ್ತೂ ಒಂದೇ ಕಡೆ ಬಾಗಿತ್ತು, ಎಲ್ಲರ ಮುಖಕ್ಕೂ ಒಂದೇ ಬಣ್ಣ.

"ನಾನು ಯಾರು, ಹುಡುಕಿ."

ಹುಡುಗಿಯರು ಮುತ್ತಿಕೊಂಡರು. ಒಬ್ಬಳು ಇವಳು ಅಂದಳು, ಇನ್ನೊಬ್ಬಳು ಅವಳು ಅಂದಳು. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ, ಸಿಗಲಿಲ್ಲ. ಮಿಸ್ ಬೆರಳಿಟ್ಟು ಎಣಿಸಿದರು. "ಎಡದಿಂದ ಒಂದು, ಎರಡು, ಮೂರು... ಏಳು. ಇದು ನಾನು. ಎಣಿಸದೇ ಇದ್ರೆ ನಂಗೂ ಸಿಗಲ್ಲ."

"ಒಂದ್ ಸಲಾನೂ ಮುಂದೆ ಬರ್ಲಿಲ್ವಾ, ಮಿಸ್?" ಪೂರ್ವಿಯ ಮುಖ ಸಣ್ಣದಾಗಿತ್ತು.

"ಇಲ್ಲ. ಹತ್ತೊಂಬತ್ತು ವರ್ಷ ಸಾಲಲ್ಲೇ."

"ಬೇಜಾರಾಗ್ಲಿಲ್ವಾ?"

"ಮೊದಲ್ನೇ ಎರಡು ವರ್ಷ ಬಹಳ ಆಯ್ತು. ಅಳ್ತಿದ್ದೆ. ಆಮೇಲೆ ಒಂದಿನ ಪಕ್ಕದವಳ ಉಸಿರು ಕೇಳಿಸ್ತು. ಆಮೇಲೆ ಅವಳ ಪಕ್ಕದವಳದು. ಕೈ ಎತ್ತೋ ಮುಂಚೆ ಇಪ್ಪತ್ತನಾಲ್ಕು ಜನಾನೂ ಒಟ್ಟಿಗೇ ಉಸಿರು ಎಳ್ಕೋತಿದ್ವಿ. ಮುಂದೆ ಒಬ್ಬಳೇ ಕುಣಿಯೋಳಿಗೆ ಅದು ಸಿಗಲ್ಲ ಕಣೇ."

ಹುಡುಗಿಯರಿಗೆ ಎಷ್ಟು ಅರ್ಥವಾಯಿತೋ ಕಾಣೆ. ಆ ವರ್ಷದ ಸ್ಕೂಲ್ ಡೇ ಹತ್ತಿರ ಬಂದಾಗ ಪೂರ್ವಿಯ ತಾಯಿಗಂತೂ ಅರ್ಥವಾಗಲಿಲ್ಲ. ಕ್ಲಾಸಿನ ಬಾಗಿಲಲ್ಲಿ ನಿಂತು, "ಮಿಸ್, ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದೀರ. ವಿಡಿಯೋದಲ್ಲಿ ನಮ್ಮ ಮಗಳು ಯಾರು ಅಂತಾನೇ ಗೊತ್ತಾಗಲ್ಲ" ಅಂದರು.

"ನೀವು ಬರ್ತೀರಲ್ವಾ ನೋಡಕ್ಕೆ?"

"ಬರ್ದೇ ಇರ್ತೀನಾ?"

"ಹಾಗಾದ್ರೆ ಅವಳನ್ನೇ ನೋಡ್ತಿರಿ. ನೀವು ನೋಡ್ತಿದೀರ ಅಂತ ಅವಳಿಗೆ ಗೊತ್ತಾಗುತ್ತೆ. ಮುಂದೆ ನಿಂತೋರು ತಪ್ಪು ಮಾಡಿದ್ರೆ ಜನ ಅದನ್ನ ಸ್ಟೈಲ್ ಅಂದ್ಕೋತಾರೆ. ಸಾಲಲ್ಲಿ ನಿಂತೋರು ತಪ್ಪು ಮಾಡೋ ಹಾಗೇ ಇಲ್ಲ. ನಿಮ್ಮ ಮಗಳನ್ನ ಕಷ್ಟದ ಜಾಗದಲ್ಲೇ ನಿಲ್ಲಿಸಿದೀನಿ."

ಆಕೆ ಮಗಳ ಕಡೆ ಒಮ್ಮೆ ನೋಡಿ ಮೆಟ್ಟಿಲಿಳಿದರು.

ಕೊರೊನಾ ಕಳೆದ ಮೇಲೆ ಸ್ಕೂಲು ಮತ್ತೆ ತೆರೆದಾಗ ಮಕ್ಕಳು ಅರ್ಧಕ್ಕೆ ಇಳಿದಿದ್ದರು. ಆರ್ಕೆಸ್ಟ್ರಾಗಳೂ ಮುಚ್ಚಿಹೋಗಿ ನನಗೆ ಈ ಕ್ಲಾಸು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಕಿರಣ ಒಂದು ಬ್ಲೂಟೂತ್ ಸ್ಪೀಕರ್ ತಂದಿಟ್ಟ. ನನ್ನ ಮುಖ ನೋಡದೆ, ಮಿಸ್ ಕಡೆ ತಿರುಗಿ, "ಎಲ್ಲಾ ಮ್ಯೂಸಿಕ್ಕೂ ಇದರಲ್ಲೇ ಸಿಗುತ್ತೆ, ಮಿಸ್" ಅಂದ. ನಾನು ಕೀಬೋರ್ಡಿನ ಕವರ್ ಎತ್ತಿಕೊಂಡೆ. ಏನು ಹೇಳುವುದು, ಅವನ ಕಷ್ಟ ಅವನದು.

ಮಿಸ್ ಸ್ಪೀಕರನ್ನು ಒಮ್ಮೆ ನೋಡಿದರು. ಕಿರಣನಿಗೆ ಕಿರುಬೆರಳು ತೋರಿಸಿ, "ನಾನು ನಿಮ್ ಜೊತೆ ಟೂ" ಅಂದರು.

ಕಿರಣ ನಕ್ಕ. ನಾನೂ ನಕ್ಕೆ. ಮಿಸ್ ನಗಲಿಲ್ಲ. ನಾಲ್ಕು ದಿನ ಅವನ ಜೊತೆ ಮಾತು ಬಿಟ್ಟರು. ಅವನು ಎರಡೇ ಅಡಿ ದೂರದಲ್ಲಿ ನಿಂತಿದ್ದರೂ ನನ್ನನ್ನು ಕರೆದು, "ನಾಗೇಶ್ ಅವರೇ, ಫ್ಯಾನು ಕಿರ್ ಅಂತಿದೆ ಅಂತ ಕಿರಣ್ ಮಾಸ್ಟರಿಗೆ ಹೇಳಿ" ಅನ್ನುವರು. ನಾನು ಅವನ ಕಡೆ ತಿರುಗಿ, "ಫ್ಯಾನು ಕಿರ್ ಅಂತಿದೆಯಂತೆ ಕಣೋ" ಅನ್ನುವೆ. ಐದನೇ ದಿನ ಸ್ಪೀಕರ್ ಪಕ್ಕದ ಸಿನಿಮಾ ಡ್ಯಾನ್ಸ್ ಕೋಣೆಗೆ ಹೋಯಿತು. ಕಿರಣ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಣ್ಣಾ, ತಪ್ಪು ತಿಳ್ಕೋಬೇಡ" ಅಂದ. ತಿಳಿದುಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲವೇನೋ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ಬರಲೇ ಇಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ಕಾಲು ಚೇತರಿಸಿತು, ಮಾತು ಚೇತರಿಸಿತು. ಬಲಗೈ ಮಾತ್ರ ಬೇರೆ ಯಾರದ್ದೋ ಕೈ ತಂದು ಪಕ್ಕಕ್ಕೆ ತೂಗುಹಾಕಿದ ಹಾಗೆ ಇತ್ತು.

ಮನೆಗೆ ಬಂದವರೆಲ್ಲ ಧೈರ್ಯ ಹೇಳಿದರು. ಆರು ತಿಂಗಳಲ್ಲಿ ಸರಿಹೋಗುತ್ತೆ ಅಂದವರಿದ್ದರು, ಮೂರೇ ತಿಂಗಳು ಅಂದವರೂ ಇದ್ದರು. ಆರ್ಕೆಸ್ಟ್ರಾ ಗೆಳೆಯರು, "ಏನೂ ಆಗಲ್ಲ ಗುರು, ಈ ಗಣೇಶನ ಹಬ್ಬಕ್ಕೆ ನೀನೇ ಸ್ಟೇಜಲ್ಲಿ" ಅಂದುಹೋದರು. ನನಗೂ ಅದೇ ಬೇಕಿತ್ತು.

ಮಿಸ್ ಬಂದದ್ದು ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಎರಡು ಬಸ್ಸು ಬದಲಾಯಿಸಿಕೊಂಡು. ಮಂಜುಳಾ ನೀರು ಕೊಟ್ಟಳು. ಅವರು ಕುಡಿದು, ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳನ್ನು ಮಡಿಚಿ ಬಿಡಿಸಿ ನೋಡಿದರು. ಹೊಸದಾಗಿ ಸೇರಿದ ಹುಡುಗಿಯ ಪಾದ ನೋಡುವಾಗಲೂ ಹೀಗೇ ಮಾಡುತ್ತಿದ್ದರು. ಆಮೇಲೆ ಹೇಳಿದರು.

"ನಾಗೇಶ್ ಅವರೇ, ಇದು ಮೊದಲಿನ ಹಾಗೆ ಬರಲ್ಲ."

ಮಂಜುಳಾ ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಬರಲ್ಲ ಅಂತ ಹೇಳ್ತಿಲ್ಲ. ಮೊದಲಿನ ಹಾಗೆ ಬರಲ್ಲ ಅಂತ ಹೇಳ್ತಿದೀನಿ. ಬೇರೆ ಥರ ಬರುತ್ತೆ. ಇವತ್ತೇ ಶುರು ಮಾಡೋಣ."

ನನಗೆ ಎಲ್ಲಿತ್ತೋ ಸಿಟ್ಟು. ಆಸ್ಪತ್ರೆಯ ಹನ್ನೊಂದು ದಿನದ ಭಯವೆಲ್ಲ ಬಾಯಿಗೆ ಬಂತು. "ನೀವು ಡಾಕ್ಟರಾ? ನಿಮಗೇನು ಗೊತ್ತು ಕಳ್ಕೊಳ್ಳೋದು ಅಂದ್ರೆ? ಹತ್ತೊಂಬತ್ತು ವರ್ಷ ಸಾಲಲ್ಲಿ ಹಿಂದೆ ನಿಂತಿದ್ದೋರು ನೀವು. ಒಂದು ದಿನ ಮುಂದೆ ನಿಂತಿದ್ರೆ ಗೊತ್ತಾಗ್ತಿತ್ತು."

ಅವರು ನನ್ನ ಕೈಯನ್ನು ಮೆಲ್ಲಗೆ ದಿಂಬಿನ ಮೇಲೆ ಇಟ್ಟರು, ಚೀಲ ತೆಗೆದುಕೊಂಡರು, ಮಂಜುಳಾಗೆ "ಬರ್ತೀನಮ್ಮ" ಅಂದು ಮೆಟ್ಟಿಲಿಳಿದರು. ಮಂಜುಳಾ ನನ್ನ ಎದುರಿಗೆ ಬಂದು ನಿಂತಳು. "ಬಾಯಿಗೆ ಮಾತ್ರ ಏನೂ ಆಗಿಲ್ಲ ಕಣ್ರೀ ನಿಮಗೆ" ಅಂದಳು. ಆ ದಿನ ಅವಳು ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಮಾರನೇ ದಿನ ಹತ್ತು ಗಂಟೆಗೆ ನಾನು ಮೆಟ್ಟಿಲಿಗೆ ಕಿವಿಗೊಟ್ಟು ಕೂತೆ. ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ಒಂಬತ್ತು ವರ್ಷದ ಹುಡುಗಿಯ ಮನಸ್ಸಿಗೆ ಕಲ್ಲು ಹೊಡೆದ ಹಾಗೆ ಅನ್ನಿಸುತ್ತಿತ್ತು.

ಮೂರನೇ ದಿನ ಹತ್ತಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತಿದ್ದರು.

"ಎರಡು ದಿನ ಟೂ ಬಿಟ್ಟಿದ್ದೆ. ಇವತ್ತಿಗೆ ಮುಗೀತು. ಕೈ ಕೊಡಿ."

"ಮಿಸ್, ಅವತ್ತು ನಾನು..."

"ಎಣಿಸಿ. ಹೆಬ್ಬೆರಳು. ಒಂದು."

ಅಲ್ಲಿಂದ ನಾಲ್ಕು ತಿಂಗಳು, ಭಾನುವಾರ ಬಿಟ್ಟು ದಿನಾ ಬಂದರು. ಆಸ್ಪತ್ರೆಯವರು ಹೇಳಿದ ವ್ಯಾಯಾಮ ಮೊದಲು, ಆಮೇಲೆ ಕೀಬೋರ್ಡು. ಅಳು ಬರುವಷ್ಟು ಸಣ್ಣ ಪಾಠ. ಒಂದು ಬೆರಳು, ಒಂದು ಸ್ವರ, ಎಂಟು ಸಲ. ನನಗೆ ಬೇಸರ ಬಂದಾಗ ಎಡಗೈಯಲ್ಲಿ ಹಳೆಯ ಸಿನಿಮಾ ಹಾಡೊಂದನ್ನು ನಿಧಾನವಾಗಿ ನುಡಿಸಿದರೆ, "ಅಯ್ಯೋ, ನಮ್ಮಮ್ಮ ಪಾತ್ರೆ ತೊಳೀತಾ ಹಾಡ್ತಿದ್ದಿದ್ದು ಇದೇ" ಅಂತ ಹಿಗ್ಗುವರು.

ಒಂದು ದಿನ ತಾವಾಗಿಯೇ ತಮ್ಮ ಕಥೆ ಹೇಳಿದರು. ಮೂವತ್ತೇಳನೇ ವಯಸ್ಸಿನಲ್ಲಿ ಅಭ್ಯಾಸದ ನಡುವೆ ಅವರ ಹಿಮ್ಮಡಿಯ ನರ ಹರಿದಿತ್ತು. ಥಿಯೇಟರಿನವರು, ಗೆಳತಿಯರು, ಎಲ್ಲರೂ ಸರಿಹೋಗುತ್ತೆ, ಮುಂದಿನ ಸೀಸನ್ನಿಗೆ ಸಾಲಿಗೆ ಬಂದೇ ಬರ್ತೀಯ ಅಂದರು. ಇವರು ನಂಬಿಕೊಂಡು ಒಂದು ವರ್ಷ ಕಿಟಕಿ ಪಕ್ಕ ಕೂತರು.

"ಅವರು ಒಳ್ಳೇ ಮನಸ್ಸಿಂದಾನೇ ಹೇಳಿದ್ರು. ಆದ್ರೆ ಆ ಒಂದು ವರ್ಷ ನಂಗೆ ವಾಪಸ್ ಬೇಕು, ನಾಗೇಶ್ ಅವರೇ. ಯಾರಾದ್ರೂ ನಿಜ ಹೇಳಿದ್ದಿದ್ರೆ ಮಾರನೇ ದಿನಾನೇ ಪಾಠ ಹೇಳೋದು ಕಲಿಯಕ್ಕೆ ಹೋಗ್ತಿದ್ದೆ. ಒಂದು ವರ್ಷದ ಮಕ್ಕಳು ನಂಗೆ ತಪ್ಪಿಹೋದ್ರು."

ನಾನು ಆಡಿದ ಮಾತಿಗೆ ಅವರು ಕೊಟ್ಟ ಉತ್ತರ ಅದೊಂದೇ. ಅದನ್ನೂ ಉತ್ತರ ಅಂತ ಕೊಡಲಿಲ್ಲ. ಹೇಳಿ ಮುಗಿಸಿ, "ಹೂಂ, ತೋರುಬೆರಳು" ಅಂದರು.

ನಾಲ್ಕು ತಿಂಗಳ ಕೊನೆಗೆ ಬಲಗೈಯಲ್ಲಿ ಎರಡು ಬೆರಳು ಮಾತು ಕೇಳುತ್ತಿದ್ದವು. ಉಳಿದ ಮೂರು ಇವತ್ತಿಗೂ ಕೇಳುವುದಿಲ್ಲ. ಎರಡು ಬೆರಳಿನಲ್ಲಿ ಏನು ನುಡಿಸುವುದು, ಮಿಸ್, ಅಂದೆ. "ಸಾಕು. ಒಂದು ಬರಕ್ಕೆ, ಒಂದು ಹೋಗಕ್ಕೆ. ಮಿಕ್ಕಿದ್ದು ಎಡಗೈ ನೋಡ್ಕೊಳ್ಳುತ್ತೆ" ಅಂದರು. ಸೋಮವಾರ ಕ್ಲಾಸಿಗೆ ಬನ್ನಿ ಅಂದರು.

ಹೋದೆ. ಮೆಟ್ಟಿಲು ಹತ್ತುವಾಗ ಕಿರಣ ಕೀಬೋರ್ಡ್ ಹೊತ್ತುಕೊಂಡ. ಮಿಸ್ ಹುಡುಗಿಯರನ್ನು ನಿಲ್ಲಿಸಿ, "ಇನ್ಮೇಲೆ ನಾಗೇಶ್ ಸಾರ್ ಕೈ ಎಷ್ಟು ಬೇಗ ಓಡುತ್ತೋ ನಮ್ಮ ಕಾಲೂ ಅಷ್ಟೇ ಬೇಗ" ಅಂದರು. ಹುಡುಗಿಯರಿಗೆ ಅದು ಸುಲಭ ಅನ್ನಿಸಿರಬೇಕು, ನಗುತ್ತಾ ತಲೆಯಾಡಿಸಿದರು. ಹತ್ತು ನಿಮಿಷಕ್ಕೆ ನಗು ಹೋಯಿತು. ಬೇಗ ಎತ್ತಿದ ಕಾಲನ್ನು ಬೇಗ ಇಳಿಸಿಬಿಡಬಹುದು. ನಿಧಾನವಾಗಿ ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದಿರಬೇಕು. ತೊಡೆ ನಡುಗುತ್ತಿತ್ತು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ನನಗೆ ಪಾಪ ಅನ್ನಿಸಿ ಸ್ವಲ್ಪ ಬೇಗ ಮುಗಿಸಲು ನೋಡಿದರೆ ಮಿಸ್ ಕಣ್ಣು ಬಿಟ್ಟು ನೋಡುವರು.

ಆ ವರ್ಷದ ಕಾರ್ಯಕ್ರಮದಲ್ಲಿ ಸಿನಿಮಾ ಡ್ಯಾನ್ಸುಗಳ ಮಧ್ಯೆ ನಮ್ಮದು ಆರು ನಿಮಿಷ. ಅದಕ್ಕೆ ಮುಂಚೆ ಸ್ಪೀಕರುಗಳು ಎದೆ ನಡುಗುವ ಹಾಗೆ ಬಡಿಯುತ್ತಿದ್ದವು, ಜನ ಶಿಳ್ಳೆ ಹಾಕುತ್ತಿದ್ದರು. ಇಂಥದರ ಮಧ್ಯೆ ನನ್ನ ಏಳು ಬೆರಳಿನ ಸಂಗೀತ ಯಾರು ಕೇಳುತ್ತಾರೆ ಅಂದುಕೊಂಡೆ. ಪರದೆ ತೆರೆಯಿತು. ಹನ್ನೆರಡು ಹುಡುಗಿಯರು ಒಂದೇ ಸಾಲಿನಲ್ಲಿ, ಬಿಳಿ ಬಟ್ಟೆಯಲ್ಲಿ. ಮಿಸ್ ಪಕ್ಕದ ಪರದೆಯ ಹಿಂದೆ ನಿಂತಿದ್ದರು. ನಾನು ಮೊದಲ ಸ್ವರ ಒತ್ತಬೇಕು, ಹುಡುಗಿಯರು ಕೈ ಎತ್ತಬೇಕು. ಅದಕ್ಕೆ ಒಂದು ಕ್ಷಣ ಮುಂಚೆ, ವೇದಿಕೆಯ ಮೂಲೆಯಲ್ಲಿ ಕೂತಿದ್ದ ನನಗೆ, ಹನ್ನೆರಡು ಜನ ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ನನಗೇ ತಿಳಿಯದೆ ನಾನೂ ಎಳೆದುಕೊಂಡಿದ್ದೆ.

ಆರು ನಿಮಿಷ ಸಭಾಂಗಣದಲ್ಲಿ ಒಂದು ಶಿಳ್ಳೆ ಇಲ್ಲ. ಆಮೇಲೆ ಚಪ್ಪಾಳೆ. ಹೊರಗೆ ಬಂದಾಗ ಪೂರ್ವಿಯ ತಾಯಿ ಮಿಸ್ ಕೈ ಹಿಡಿದುಕೊಂಡು, "ಎಡಗಡೆಯಿಂದ ನಾಲ್ಕನೆಯವಳು. ಕಣ್ಣು ತೆಗೀಲಿಲ್ಲ ನಾನು" ಅಂದರು. ಈಗ ಪೂರ್ವಿ ಕಾಲೇಜು ಮುಗಿಸಿಕೊಂಡು ಸಂಜೆ ಬಂದು ಸಣ್ಣ ಮಕ್ಕಳ ಕ್ಲಾಸು ತೆಗೆದುಕೊಳ್ಳುತ್ತಾಳೆ. ನಾನೇ ಅವಳಿಗೂ ನುಡಿಸುತ್ತೇನೆ. "ಪೆದ್ದಿ" ಅನ್ನುವುದನ್ನು ಅವಳೂ ಕಲಿತಿದ್ದಾಳೆ.

ಮಿಸ್ ಸೊಂಟದ ನೋವನ್ನು ಯಾರಿಗೂ ಹೇಳಿರಲಿಲ್ಲ. ಎರಡನೇ ಮಹಡಿಗೆ ಮೂವತ್ತೆಂಟು ಮೆಟ್ಟಿಲು. ನಮಗಿಂತ ಅರ್ಧ ಗಂಟೆ ಮುಂಚೆ ಬರುತ್ತಿದ್ದುದು ಯಾಕೆ ಅಂತ ನನಗೆ ಗೊತ್ತಾದದ್ದು, ಒಂದು ದಿನ ನಾನೇ ಬೇಗ ಹೋದಾಗ. ಮೊದಲ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದರು. ನನ್ನ ನೋಡಿ, "ಜೂಟ್" ಅಂದರು. ಮುಂದಿನ ತಿಂಗಳು ಆಪರೇಷನ್ ಆಯಿತು. ಸೊಂಟದ ಕೀಲು ಬದಲಾಯಿಸಿದರು. ನೋಡಿಕೊಳ್ಳಲು ಮೈಸೂರಿನಿಂದ ತಂಗಿ ಬಂದರು.

ಆರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ನೋಡಲು ಹೋದೆ. ಫಿಸಿಯೋಥೆರಪಿಯ ಹುಡುಗಿ ಬಂದಿದ್ದಳು. ಮಿಸ್ ವಾಕರ್ ಹಿಡಿದು ಮಂಚದ ಪಕ್ಕ ನಿಂತಿದ್ದರು, ಆದರೆ ಹೆಜ್ಜೆ ಎತ್ತುತ್ತಿರಲಿಲ್ಲ. ಹುಡುಗಿ ವಾಚು ನೋಡುತ್ತಾ, "ಕಮಾನ್ ಆಂಟಿ, ರೈಟ್, ಲೆಫ್ಟ್" ಅನ್ನುತ್ತಿದ್ದಳು. ತಂಗಿ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಡಾಕ್ಟರು ಯಾವಾಗಲೋ ಓಡಾಡಬಹುದು ಅಂದ್ರು. ಇವಳೇ ಮಂಚದಿಂದ ಆಚೆ ಬರ್ತಿಲ್ಲ."

ನಾನು ಎದುರಿಗೆ ಹೋಗಿ ನಿಂತೆ. ಇಷ್ಟು ವರ್ಷದಲ್ಲಿ ಅವರ ಮುಖದಲ್ಲಿ ಹೆದರಿಕೆ ನೋಡಿದ್ದು ಅದೇ ಮೊದಲು.

"ನಾಗೇಶ್ ಅವರೇ, ಕಾಲು ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ" ಅಂದರು.

ಸರಿಹೋಗುತ್ತೆ ಅನ್ನಲು ಬಾಯಿ ಬರಲಿಲ್ಲ. ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕೂತೆ. ಎಡಗೈಯಿಂದ ಮೇಜಿನ ಮೇಲೆ ಮೂರರ ಲೆಕ್ಕ ತಟ್ಟತೊಡಗಿದೆ. ಮೊದಲನೆಯದು ಅಂಗೈ, ಮಿಕ್ಕ ಎರಡು ಬೆರಳ ತುದಿ. ಅದರ ಮೇಲೆ ಅವರಮ್ಮನ ಹಾಡನ್ನು ಮೆಲ್ಲಗೆ ಗುನುಗಿದೆ. ನನ್ನ ಕಂಠ ಹಾಡಲು ತಕ್ಕದ್ದಲ್ಲ. ಫಿಸಿಯೋ ಹುಡುಗಿ ಏನೋ ಹೇಳಲು ಹೋದಳು, ತಂಗಿ ಕೈ ಸನ್ನೆ ಮಾಡಿ ತಡೆದರು. ನಾನು ಮೇಜು ನೋಡಲಿಲ್ಲ. ಅವರ ಮಂಡಿಯನ್ನೇ ನೋಡುತ್ತಿದ್ದೆ.

ಎರಡು ಸುತ್ತು ಅವರು ಸುಮ್ಮನೆ ಕೇಳಿಸಿಕೊಂಡರು. ಮೂರನೇ ಸುತ್ತಿಗೆ ಕತ್ತು ನೆಟ್ಟಗಾಯಿತು. ಮಂಡಿ ಒಂಚೂರು ಮಡಿಚಿತು. ಅದಕ್ಕೆ ಸರಿಯಾಗಿ ನಾನು ದನಿ ತಗ್ಗಿಸಿದೆ. ಕಾಲು ಮುಂದೆ ಬಂತು. ಇನ್ನೊಂದು ಕಾಲು. ಮಂಚದಿಂದ ಮೇಜು, ಮೇಜಿನಿಂದ ಕಿಟಕಿ. ಕಿಟಕಿಯ ಹತ್ತಿರ ನಿಲ್ಲಿಸೋಣ ಅಂದುಕೊಂಡೆ, ಅವರು ನಿಲ್ಲಲಿಲ್ಲ. ನಾನು ತಟ್ಟುತ್ತಲೇ ಇದ್ದೆ. ಅಡಿಗೆಮನೆಯ ಹೊಸಿಲ ಹತ್ತಿರ ಹೋಗಿ, ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಟ್ಟರು.

ತಂಗಿ ಕುರ್ಚಿ ಹಿಡಿದುಕೊಂಡು ಓಡಿದರು. "ಕೂತ್ಕೋ, ಕೂತ್ಕೋ."

"ನೀನು ಸುಮ್ನಿರೇ. ಮನೆಗೆ ಬಂದಿದಾರೆ ಅವ್ರು" ಅಂದು ಮಿಸ್ ಒಳಗೆ ಹೋದರು. ಪಾತ್ರೆಯ ಸದ್ದಾಯಿತು. ಒಲೆ ಹೊತ್ತಿಕೊಂಡ ಸದ್ದಾಯಿತು. ಹಾಲು ಕಾಯುವ ವಾಸನೆ ಬಂತು. ಒಳಗೆ ಹೋಗಲೋ ಬೇಡವೋ ಅಂತ ನಾನು ಬಾಗಿಲ ಹತ್ತಿರ ನಿಂತೆ. ಅವರು ಒಂದು ಕೈಯಲ್ಲಿ ವಾಕರ್, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು ನನ್ನ ಕಡೆ ತಿರುಗಿದರು.

"ಸಕ್ಕರೆ ಎಷ್ಟು?"

ನಾಲ್ಕು ತಿಂಗಳು ನನ್ನ ಮನೆಗೆ ಬಂದು ನನ್ನ ಕೈ ಹಿಡಿದು ಕೂತವರಿಗೆ ಅದೊಂದು ಗೊತ್ತಿರಲಿಲ್ಲ. ಡಾಕ್ಟರು ನನಗೆ ಸಕ್ಕರೆ ಮುಟ್ಟಬೇಡ ಅಂದಿದ್ದಾರೆ.

"ಎರಡು ಚಮಚ, ಮಿಸ್" ಅಂದೆ.